ಹಾಜಿರಾ ರಿಪೇರಿ ಮಾಡಿದ ಆಟದ ಪೆಟ್ಟಿಗೆ

ಮೊದಲೇ ಹೇಳಿಬಿಡುತ್ತೇನೆ, ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಚನ್ನಪಟ್ಟಣದ ನಮ್ಮ ಬೀದಿಯಲ್ಲಿ ರವಿಕೆ ಹೊಲಿಯುವ ಲತಾಮಣಿ ಅಂದರೆ, 'ಓ, ಆ ಬಾಯಿಬಡುಕಿನಾ?' ಎಂದೇ ಗುರುತು ಹಿಡಿಯುತ್ತಾರೆ. ಹಿಡಿಯಲಿ. ಆದರೆ ಒಂದು ಗುಟ್ಟನ್ನು ಐದು ವರ್ಷ ಈ ಬಾಯಿಬಡುಕಿಯೇ ನುಂಗಿಕೊಂಡು ಕೂತಿದ್ದಳು ಎಂಬುದು ಯಾರಿಗೂ ಗೊತ್ತಿಲ್ಲ.

ಗುಟ್ಟು ಪಕ್ಕದ ಅಂಗಡಿಯದು. ಬೋರ್ಡಿನ ಮೇಲೆ 'ಅಸದುಲ್ಲಾ ಟಿ.ವಿ. ವರ್ಕ್ಸ್' ಎಂದು ಬರೆದಿದೆ. ಈ ಕಾಲದಲ್ಲಿ ಡಬ್ಬಾ ಟಿ.ವಿ. ಯಾರು ಇಟ್ಟುಕೊಂಡಿದ್ದಾರೆ ಎಂದು ಕೇಳಬೇಡಿ, ಇಟ್ಟುಕೊಂಡವರು ಇದ್ದಾರೆ. ಅದರ ಜೊತೆಗೆ ಮಸೀದಿಯ ಮೈಕ್ ಸೆಟ್ಟು, ಭಜನೆ ಮಂಡಳಿಯ ಮೈಕ್ ಸೆಟ್ಟು, ಬೊಂಬೆ ಕಾರ್ಖಾನೆಯ ಮೋಟಾರು, ಎಲ್ಲ ಅಲ್ಲಿಗೇ ಬರುತ್ತವೆ. ಗಿರಾಕಿ ಬಂದರೆ ಅಸದುಲ್ಲಾ ಸಾಹೇಬರು ಬಲಗೈಯನ್ನು ಜುಬ್ಬದ ಜೇಬಿನಿಂದ ತೆಗೆಯದೆ ವಿಚಾರಿಸಿ, 'ಇಟ್ಟೋಗಿ, ನಾಳಿದ್ದು ಬನ್ನಿ' ಎನ್ನುತ್ತಿದ್ದರು. ಸೆಟ್ಟು ಹಸಿರು ಪರದೆಯ ಹಿಂದಿನ ಒಳಕೋಣೆಗೆ ಹೋಗುತ್ತಿತ್ತು, ನಾಳಿದ್ದು ಹಾಡುತ್ತಾ ಹೊರಗೆ ಬರುತ್ತಿತ್ತು. 'ಸಾಹೇಬ್ರ ಕೈಗುಣ ಅಂದ್ರೆ ಕೈಗುಣ' ಎಂದು ಜನ ಹೊಗಳಿ ಹೋಗುತ್ತಿದ್ದರು.

ಆ ಕೈ ಆಗಲೇ ಐದು ವರ್ಷದಿಂದ ನಡುಗುತ್ತಿತ್ತು. ಚಹಾದ ಲೋಟ ಹಿಡಿದರೆ ಅರ್ಧ ಚಹಾ ನೆಲಕ್ಕೆ. ಪರದೆಯ ಹಿಂದೆ ಕೂತು ಸೆಟ್ಟು ಬಿಚ್ಚುವವಳು, ಬೆಸುಗೆ ಹಾಕುವವಳು ಅವರ ಹೆಂಡತಿ ಹಾಜಿರಾ. ಅವರ ಒಳಕೋಣೆಗೂ ನನ್ನ ಅಂಗಡಿಯ ಹಿಂಬಾಗಿಲಿಗೂ ಒಂದೇ ಅಂಗಳ, ಹಾಗಾಗಿ ನನ್ನ ಕಣ್ಣಿಗೆ ಬಿತ್ತು. 'ಯಾರಿಗೂ ಹೇಳ್ಬೇಡ ಕಣೇ ಮಣಿ' ಎಂದು ಅವಳು ನನ್ನ ಕೈ ಹಿಡಿದು ಕೇಳಿಕೊಂಡಳು, ನಾನು ಹೇಳಲಿಲ್ಲ. ಆದರೆ ಯಾರಾದರೂ ಸಾಹೇಬರನ್ನು ಹೊಗಳಿದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತಿತ್ತು. ದುಡಿಯುವವಳು ಇವಳು, ಹೆಸರು ಅವರದು. ಇದ್ಯಾವ ಊರಿನ ನ್ಯಾಯ ಸ್ವಾಮಿ!

ಹಾಜಿರಾಳ ಬೆರಳುಗಳ ವಿಷಯ ಹೇಳದೆ ಮುಂದೆ ಹೋಗಬಾರದು. ಅವಳ ತವರು ರಾಮನಗರ. ಅಪ್ಪ ರೇಷ್ಮೆ ನೂಲು ಬಿಚ್ಚುವ ರೀಲರ್. ಹತ್ತು ವರ್ಷದ ಹುಡುಗಿಯಾಗಿದ್ದಾಗಿನಿಂದ ಕುದಿಯುವ ನೀರಿನಲ್ಲಿ ಬೆಂದ ಗೂಡಿನ ಎಳೆಯ ತುದಿ ಹುಡುಕಿದವಳು. ಕಣ್ಣಿಗೆ ಕಾಣದ ಎಳೆ ಅದು, ಬೆರಳಿಗೆ ಸಿಕ್ಕಬೇಕು, ಸಿಕ್ಕಿದ ಮೇಲೆ ಹರಿಯಬಾರದು. ಇಂಥ ಬೆರಳುಗಳ ಹುಡುಗಿ ಟಿ.ವಿ. ಮೆಕ್ಯಾನಿಕನ ಮನೆಗೆ ಸೊಸೆಯಾಗಿ ಬಂದರೆ ಏನಾದೀತು? ಮೊದಲು ಸ್ಕ್ರೂ ಎತ್ತಿಕೊಟ್ಟಳು, ಆಮೇಲೆ ತಂತಿ ಹಿಡಿದುಕೊಂಡಳು, ಆಮೇಲೆ ಗಂಡ ಊಟಕ್ಕೆ ಎದ್ದಾಗ ತಾನೇ ಬೆಸುಗೆ ಹಾಕಿ ಸುಮ್ಮನೆ ಕೂತಳು. ಸಾಹೇಬರು ನೋಡಿ ಬೈಯಲಿಲ್ಲ. ಕೂರಿಸಿಕೊಂಡು ಕಲಿಸಿದರು. ಅಷ್ಟು ಮಾತ್ರ ನಾನು ಆ ಮನುಷ್ಯನ ಪರವಾಗಿ ಮೊದಲಿನಿಂದಲೂ ಒಪ್ಪಿಕೊಂಡಿದ್ದೆ.

ಹೀಗೆ ನಡೆಯುತ್ತಿದ್ದಾಗ, ಹೋದ ವರ್ಷದ ಆಷಾಢದಲ್ಲಿ ಒಂದು ಗೂಡ್ಸ್ ಆಟೋ ಬಂದು ನಿಂತಿತು. ಅದರಲ್ಲಿ ಬೀರುವಿನಷ್ಟು ಎತ್ತರದ ಒಂದು ಮರದ ಪೆಟ್ಟಿಗೆ, ಪಕ್ಕದಲ್ಲಿ ಅದನ್ನು ತಬ್ಬಿಕೊಂಡು ನಿಂತ ಕನಕರಾಜು. ಕೈಲಾಂಚದ ಕಡೆಯವನು, ರೇಷ್ಮೆಹುಳು ಸಾಕುತ್ತಾನೆ, ಐವತ್ತು ದಾಟಿದ ಆಸಾಮಿ. ಹುಡುಗನಾಗಿದ್ದಾಗ ರಾಮನಗರದ ಬಸ್ ಸ್ಟ್ಯಾಂಡಿನ ಹತ್ತಿರ ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದನಂತೆ. ನಿಂತುಕೊಂಡು ಕಡ್ಡಿ ತಿರುಗಿಸುತ್ತಾ ಗುಂಡಿ ಒತ್ತುತ್ತಾ ಆಡುವ ಆಟದ ಪೆಟ್ಟಿಗೆಗಳು ಐದು ಇದ್ದವು, ನಾಲ್ಕು ಗುಜರಿಗೆ ಹೋದವು, ಉಳಿದದ್ದು ಇದೊಂದು. ಈಗ ಊರ ಗೇಟಿನಲ್ಲಿ ಟೀ ಅಂಗಡಿ ಹಾಕಬೇಕು, ಅದರ ಮೂಲೆಯಲ್ಲಿ ಇದು ನಿಲ್ಲಬೇಕು ಎಂಬುದು ಅವನ ಆಸೆ.

'ಬೆಂಗಳೂರಲ್ಲಿ ಕೇಳ್ದೆ ಸಾಹೇಬ್ರೇ. ಆ ಗಾಜಿನ ಟ್ಯೂಬು ಬಿಸಾಕಿ, ಚಪ್ಪಟೆ ಟಿ.ವಿ. ಕೂರ್ಸಣ ಅಂದ್ರು. ನಾನು ಒಪ್ನಿಲ್ಲ. ಆ ಟ್ಯೂಬಲ್ಲಿ ಬರೋ ಬಣ್ಣ ಚಪ್ಪಟೇಲಿ ಬತ್ತದಾ? ನಮ್ಮನೆ ಟಿ.ವಿ. ಸರಿ ಮಾಡ್ಕೊಟ್ಟೋರು ನೀವು, ನೀವು ಬುಟ್ರೆ ಇನ್ಯಾರೂ ಇಲ್ಲ ಅಂತ ಬಂದ್ಬುಟ್ಟೆ' ಎಂದ.

ತೊಂದರೆ ಇಷ್ಟು: ಸ್ವಿಚ್ಚು ಹಾಕಿದ ತಕ್ಷಣ ಚಿತ್ರ ಒದ್ದಾಡುತ್ತಾ ಬರುತ್ತದೆ, ಆಮೇಲೆ ಮೇಲಿಂದಲೂ ಕೆಳಗಿಂದಲೂ ಮಡಚಿಕೊಂಡು ನಡುವೆ ಒಂದೇ ಒಂದು ಬಿಳಿ ಗೆರೆಯಾಗಿ ನಿಂತುಬಿಡುತ್ತದೆ. ಸಾಹೇಬರು ಎಂದಿನಂತೆ 'ಇಟ್ಟೋಗಿ' ಎಂದರು. ಕನಕರಾಜು ಹೋದ ಮೇಲೆ ಪೆಟ್ಟಿಗೆಯನ್ನು ಒಳಗೆ ತಳ್ಳಲು ನೋಡಿದರೆ, ಅದು ಒಳಬಾಗಿಲಿಗಿಂತ ಗೇಣುದ್ದ ಅಗಲ! ಓರೆ ಮಾಡಿದರು, ಮಲಗಿಸಿದರು, ಊಹ್ಞೂಂ. ಟ್ಯೂಬನ್ನಷ್ಟೇ ಬಿಚ್ಚಿ ಒಳಗೆ ಒಯ್ಯೋಣವೆಂದರೆ ಸ್ಕ್ರೂಗಳೆಲ್ಲ ತುಕ್ಕು ಹಿಡಿದು ಮರಕ್ಕೇ ಕಚ್ಚಿಕೊಂಡಿದ್ದವು. ಹೆಚ್ಚು ಬಲ ಹಾಕಿದರೆ ಟ್ಯೂಬಿನ ಕತ್ತು ಮುರಿಯುತ್ತದೆ, ಅಂಥ ಟ್ಯೂಬನ್ನು ಈಗ ಯಾರೂ ತಯಾರಿಸುವುದಿಲ್ಲ. ರಿಪೇರಿ ಆಗುವುದಿದ್ದರೆ ಮುಂದಿನ ಅಂಗಡಿಯಲ್ಲೇ, ಬೀದಿಯ ಕಣ್ಣ ಮುಂದೆಯೇ ಆಗಬೇಕು.

ಅದಕ್ಕೆ ಗಂಡ ಹೆಂಡತಿ ಒಂದು ಉಪಾಯ ಹುಡುಕಿದರು. ಶುಕ್ರವಾರ ಮಧ್ಯಾಹ್ನದ ನಮಾಜಿಗೆ ನಮ್ಮ ಬೀದಿಯ ಅರ್ಧಕ್ಕರ್ಧ ಗಂಡಸರು ಮಸೀದಿಗೆ ಹೋಗುತ್ತಾರೆ, ಶಟರುಗಳು ಇಳಿಯುತ್ತವೆ. ಆ ಒಂದೂವರೆ ಗಂಟೆಯಲ್ಲಿ ಸಾಹೇಬರು ನಮಾಜಿಗೆ, ಹಾಜಿರಾ ಪೆಟ್ಟಿಗೆಗೆ. ಕಾವಲಿಗೆ ನಾನು. ಕಳ್ಳತನಕ್ಕೆ ಹೊರಟವರ ಹಾಗೆ ನಾವು ಇಳಿಸಿದ ಶಟರಿನೊಳಗೆ ಸೇರಿಕೊಂಡೆವು.

ಹಾಜಿರಾ ಹಿಂದಿನ ಹಲಗೆ ತೆಗೆದವಳೇ ಮೂಗು ಅರಳಿಸಿದಳು. 'ಮಣಿ, ಏನ್ ವಾಸ್ನೆ ಹೇಳು?'

ನನಗೂ ಬಡಿಯಿತು. ಬ್ಲೀಚಿಂಗ್ ಪೌಡರು! ಒಳಗೆ ನೋಡಿದರೆ ತಂತಿ, ತಗಡು, ಬೋರ್ಡು ಎಲ್ಲದರ ಮೇಲೂ ಬಿಳಿ ಹುಡಿ, ಅದರಡಿ ಹಸಿರು ಕಿಲುಬು. ಆಮೇಲೆ ಕನಕರಾಜುವನ್ನು ಕೇಳಿದಾಗ ಅವನು ಹೆಮ್ಮೆಯಿಂದಲೇ ಹೇಳಿದ. ಪೆಟ್ಟಿಗೆ ಹುಳದ ಮನೆಯಲ್ಲೇ ಇತ್ತಂತೆ. ಪ್ರತಿ ಬೆಳೆಗೂ ಮುಂಚೆ ಮನೆ ತೊಳೆದು ಔಷಧಿ ಹೊಡೆಯಬೇಕಲ್ಲ? ರೋಗ ಇದರೊಳಗೆ ಅಡಗಿ ಕೂತರೆ ಗತಿಯೇನೆಂದು ಹಿಂದಿನ ಹಲಗೆ ತೆಗೆದು ಒಳಗೂ ಚೆನ್ನಾಗಿ ಹೊಡೆದಿದ್ದನಂತೆ, ಹತ್ತು ವರ್ಷ, ವರ್ಷಕ್ಕೆ ಐದು ಸಲ. ರೇಷ್ಮೆಹುಳಕ್ಕೆ ಜ್ವರ ಬಾರದಿರಲೆಂದು ವಿಡಿಯೋ ಗೇಮಿಗೆ ಔಷಧಿ ಕುಡಿಸುವ ಮಹಾನುಭಾವರು ಈ ಭೂಮಿಯ ಮೇಲೆ ನಮ್ಮ ಜಿಲ್ಲೆಯಲ್ಲಿ ಮಾತ್ರ ಸಿಕ್ಕಾರು.

ಅವತ್ತು ಹಾಜಿರಾ ಬೋರ್ಡನ್ನು ಬ್ರಷ್ಷಿನಿಂದ ಉಜ್ಜಿ ಒಣಗಿಸಿ, ಕೆಟ್ಟು ಉಬ್ಬಿದ್ದ ಆರೇಳು ಕೆಪಾಸಿಟರುಗಳನ್ನು ತೆಗೆದು ಹೊಸದು ಹಾಕಿದಳು. ಸ್ವಿಚ್ಚು ಹಾಕಿದರೆ, ಆಹಾ, ಇಡೀ ಗಾಜಿನ ತುಂಬ ಚಿತ್ರ! ನಾನು ಚಪ್ಪಾಳೆ ತಟ್ಟಿದೆ. ಹೊತ್ತಾಗಿತ್ತು, ಆರಿಸಿ ಒಳಗೆ ಹೋದಳು.

ಸಂಜೆ ಕನಕರಾಜು ಬಂದ, ಬೀದಿಯ ಏಳೆಂಟು ಜನ ಸುತ್ತ ನಿಂತರು. ಸಾಹೇಬರು ಎಡಗೈಯಲ್ಲಿ ಸ್ವಿಚ್ಚು ಹಾಕಿದರು. ಕನಕರಾಜು ಆಡಲು ಶುರುಮಾಡಿದ, ಮೈಮರೆತ. ಇಪ್ಪತ್ತು ನಿಮಿಷ ಆಗಿರಬಹುದು. ಚಿತ್ರ ಒಮ್ಮೆ ನಡುಗಿತು, ಮಡಚಿಕೊಂಡಿತು, ಅದೇ ಬಿಳಿ ಗೆರೆ.

'ಏನ್ ಸಾಹೇಬ್ರೇ, ಕೈಗುಣ ಎಲ್ಲೋಯ್ತು? ಬಿಚ್ಚಿ, ಈಗ್ಲೇ ನನ್ ಮುಂದೇನೆ ನೋಡ್ಬುಡಿ' ಎಂದ ಕನಕರಾಜು.

'ಬಿಸಿ ಆರ್ಬೇಕಪ್ಪ' ಎಂದರು ಸಾಹೇಬರು. ಜೇಬಿನೊಳಗೆ ಕೈ ಕುಣಿಯುತ್ತಿದ್ದದ್ದು ಬಟ್ಟೆಯ ಮೇಲೆಯೇ ಕಾಣುತ್ತಿತ್ತು.

'ಆಯ್ತು, ಬರೋ ಶುಕ್ರವಾರದ ಗಂಟ ನೋಡಿ. ಆಗ್ದಿದ್ರೆ ಹೇಳ್ಬುಡಿ, ಚಪ್ಪಟೆ ಟಿ.ವಿ.ನೇ ಹಾಕಿಸ್ಕತೀನಿ. ಬೇಜಾರಿಲ್ಲ.' ಬೇಜಾರಿಲ್ಲ ಎಂದವನ ಮುಖ ನೋಡಬೇಕಿತ್ತು. ಸುತ್ತ ನಿಂತಿದ್ದವರಲ್ಲಿ ಒಬ್ಬ, 'ಸಾಹೇಬ್ರಿಗೂ ವಯಸ್ಸಾಯ್ತು ಬುಡ್ಲಾ' ಎಂದ. ಮೆಲ್ಲಗೇ ಅಂದದ್ದು, ಆದರೆ ಪರದೆಯ ಹಿಂದಕ್ಕೂ ಕೇಳಿಸಿತು.

ನನಗೆ ತಡೆಯಲಾಗಲಿಲ್ಲ. ಅಂಗಳದಿಂದ ಹೋಗಿ ಹಾಜಿರಾಳ ಮೇಲೆ ಹರಿಹಾಯ್ದೆ. 'ನಿನ್ ಗಂಡನ ಮರ್ಯಾದೆಗೆ ನೀನ್ ಯಾಕೆ ಕತ್ತಲಲ್ಲಿ ಸಾಯ್ಬೇಕು? ಆವಯ್ಯ ನಿನ್ನ ಒಳಗೆ ಕೂಡಿ ಹಾಕ್ಕೊಂಡು ಹೆಸರು ಹೊಡೀತಾ ಅವ್ನೆ!'

ಹಾಜಿರಾ ನನ್ನನ್ನು ನೋಡಿದ ನೋಟ ಈಗಲೂ ಚುಚ್ಚುತ್ತದೆ. 'ಅವ್ರು ಕೂಡಿ ಹಾಕಿಲ್ಲ ಕಣೇ. ನಾನೇ ಅವರ ಕೈಲಿ ಆಣೆ ಹಾಕಿಸ್ಕೊಂಡಿದೀನಿ. ಅವತ್ತು ಕೈ ನಡುಗಿ ಒಂದು ಸೆಟ್ಟಿನ ಟ್ಯೂಬು ಒಡೆದಾಗ ಅಂಗಡಿ ಮುಚ್ತೀನಿ ಅಂತ ಮೂರ್ ದಿನ ಊಟ ಬುಟ್ಟು ಕೂತಿದ್ರು. ಮೂಲೆ ಸೇರ್ಬುಟ್ರೆ ಈ ಮನುಷ್ಯ ಉಳಿಯಲ್ಲ. ಊರಿಗೆ ಗೊತ್ತಾಗ್ಬಾರ್ದು, ನಾನು ಮಾಡ್ತೀನಿ, ನೀವು ಮುಂದೆ ನಿಂತಿರಿ ಅಂದೆ. ಬೋರ್ಡಲ್ಲಿ ಅವರ ಹೆಸರು ಇರೋದು ನಂಗೆ ಬೇಕು ಮಣಿ.'

ಐದು ವರ್ಷ ಒಬ್ಬ ಮನುಷ್ಯನನ್ನು ಮನಸ್ಸಿನಲ್ಲೇ ಬೈದುಕೊಂಡು ಬಂದಿದ್ದೆ. ಬಾಯಿಬಡುಕಿಯ ಬಾಯಿ ಅವತ್ತು ಕಟ್ಟಿಹೋಯಿತು. ಮುಂದಿನ ಶುಕ್ರವಾರದೊಳಗೆ ರಿಪೇರಿ ಆಗದಿದ್ದರೆ ಒಂದು ಪೆಟ್ಟಿಗೆ ಕೆಟ್ಟಿತು ಅಷ್ಟೇ ಎಂದಲ್ಲ, ಆ ಮನುಷ್ಯ ಮತ್ತೆ ಮೂಲೆ ಸೇರುತ್ತಾನೆ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಮರು ಶುಕ್ರವಾರ ಆಜಾನ್ ಕೇಳಿಸುತ್ತಿದ್ದ ಹಾಗೆ ಶಟರು ಇಳಿಯಿತು. ಹಾಜಿರಾ ಕೈಬಳೆ, ಕತ್ತಿನ ಸರ ಬಿಚ್ಚಿ ನನ್ನ ಮಡಿಲಿಗೆ ಹಾಕಿದಳು. ಸೆರಗನ್ನು ಸೊಂಟಕ್ಕೆ ಬಿಗಿದಳು. ಎಡಗೈಯನ್ನು ಬೆನ್ನ ಹಿಂದಕ್ಕೆ ಕಟ್ಟಿಕೊಂಡಳು. ಕರೆಂಟು ಇರುವ ಸೆಟ್ಟಿನೊಳಗೆ ಎರಡು ಕೈ ಹಾಕಬಾರದು, ಒಂದು ಕೈಯಿಂದ ಹೊಕ್ಕ ಕರೆಂಟು ಎದೆ ದಾಟಿ ಇನ್ನೊಂದು ಕೈಗೆ ಹೋಗುತ್ತದೆ ಎಂದು ಸಾಹೇಬರು ಕಲಿಸಿದ ಮೊದಲ ಪಾಠವಂತೆ ಅದು. ಪೆಟ್ಟಿಗೆಯ ಮುಂದೆ ಸ್ಟೂಲಿನ ಮೇಲೆ ಒಂದು ಕನ್ನಡಿಯನ್ನು ಒರಗಿಸಿದಳು, ಹಿಂದೆ ಕೆಲಸ ಮಾಡುತ್ತಾ ಮುಂದಿನ ಚಿತ್ರ ನೋಡಲಿಕ್ಕೆ.

'ತಣ್ಣಗಿದ್ದಾಗ ಸರಿ ಇರುತ್ತೆ, ಬಿಸಿ ಆದ್ರೆ ಬೀಳುತ್ತೆ. ಎಲ್ಲೋ ಒಂದು ಬೆಸುಗೆ ಬಿರುಕು ಬಿಟ್ಟೈತೆ. ಬಿಸಿಗೆ ಬಾಯಿ ತೆರೀತೈತೆ. ಬೀಳಲಿ, ಬಿದ್ದಾಗ್ಲೇ ಹಿಡೀಬೇಕು' ಎಂದಳು.

ಕಾದೆವು. ಕೆಟ್ಟದ್ದು ಬೇಗ ಕೆಡಲಿ ಎಂದು ಕಾಯುವುದು ಎಂಥ ಸಂಕಟ ಎಂದು ಅವತ್ತು ತಿಳಿಯಿತು. ಇಪ್ಪತ್ತು ನಿಮಿಷಕ್ಕೆ ಚಿತ್ರ ಬಿತ್ತು. ಹಾಜಿರಾ ತಕ್ಷಣ ಬೆಳಕು ತಗ್ಗಿಸಿದಳು, ಇಲ್ಲದಿದ್ದರೆ ಆ ಗೆರೆ ನಿಂತ ಜಾಗ ಗಾಜಿನೊಳಗೆ ಸುಟ್ಟು ಕಲೆಯಾಗಿ ಉಳಿಯುತ್ತದಂತೆ. ಆಮೇಲೆ ಒಂದು ಮರದ ಕಡ್ಡಿ ತೆಗೆದಳು, ಬೊಂಬೆ ಮಾಡುವ ಅಸ್ಗರನ ಹತ್ತಿರ ಆಲೆಮರದಲ್ಲಿ ಕಡೆಸಿಕೊಂಡದ್ದು, ಬಣ್ಣ ಬಳಿಯದೆ ಬಿಟ್ಟದ್ದು. ಅದರ ತುದಿಯಿಂದ ಬೋರ್ಡಿನ ಒಂದೊಂದೇ ಬೆಸುಗೆಯನ್ನು ಮೆಲ್ಲಗೆ ತಟ್ಟುತ್ತಾ ಹೊರಟಳು. ತಟ್ಟುವುದು, ಕನ್ನಡಿ ನೋಡುವುದು. ಅಂಥವು ಇನ್ನೂರು ಇದ್ದಾವು. ಕಡ್ಡಿ ಹಿಡಿದ ಕೈಯ ಎರಡು ಬೆರಳ ಆಚೆ ಟ್ಯೂಬಿನ ಕೆಂಪು ತಂತಿ, ಅದರಲ್ಲಿ ಹರಿಯುವುದು ಇಪ್ಪತ್ತು ಸಾವಿರ ವೋಲ್ಟು.

ಆಗ ಶಟರಿನ ಸದ್ದಾಯಿತು. ನಾನು ಓಡುವಷ್ಟರಲ್ಲಿ ಯಾರೋ ಎತ್ತಿಯೇಬಿಟ್ಟರು. ಬಿಸಿಲು ಒಳಗೆ ನುಗ್ಗಿತು. ಕನಕರಾಜು! ಬೆಳಗ್ಗೆ ರಾಮನಗರದ ಮಾರ್ಕೆಟ್ಟಿಗೆ ಗೂಡು ಹಾಕಿದವನು ಸಂಜೆಯ ತನಕ ಕಾಯಲಾರದೆ ನೇರ ಬಂದಿದ್ದ. ಸೊಂಟಕ್ಕೆ ಸೆರಗು ಬಿಗಿದ ಹೆಂಗಸೊಬ್ಬಳು ತನ್ನ ಪೆಟ್ಟಿಗೆಯೊಳಗೆ ಅರ್ಧ ಮೈ ಹಾಕಿ ನಿಂತದ್ದು ನೋಡಿ ಅವನ ಬಾಯಿ ತೆರೆದದ್ದು ತೆರೆದ ಹಾಗೆ ನಿಂತಿತು. ಶಟರಿನ ಅದುರಿಗೆ ಕನ್ನಡಿ ಜಾರಿ ಮಗುಚಿತು.

ನಾನು ಸುಳ್ಳು ಹುಡುಕುತ್ತಿದ್ದೆ. ಹಾಜಿರಾ ತಿರುಗಿಯೂ ನೋಡಲಿಲ್ಲ. ಕಡ್ಡಿ ಇಟ್ಟ ಜಾಗದಿಂದ ಅಲುಗಲೂ ಇಲ್ಲ.

'ಯಾರೇ ಆಗ್ಲಿ, ಶಟರು ಇಳ್ಸಿ! ಬೆಳಕಿಗೆ ಕಾಣಲ್ಲ. ಕನ್ನಡಿ ಎತ್ತಿ ಹಿಡೀರಿ. ಪೆಟ್ಟಿಗೆ ಮುಟ್ಬೇಡಿ!'

ಆ ದನಿಗೆ ನಾನೇ ನೆಟ್ಟಗೆ ನಿಂತೆ. ಕನಕರಾಜು ಶಟರು ಇಳಿಸಿ, ಕನ್ನಡಿ ಎತ್ತಿಕೊಂಡು, ಮೇಷ್ಟರ ಮುಂದೆ ನಿಂತ ಹುಡುಗನ ಹಾಗೆ ಎದೆಗೆ ಹಿಡಿದು ನಿಂತುಬಿಟ್ಟ.

'ಒಸಿ ಮೇಲೆ. ಹ್ಞಾಂ, ಅಲ್ಲೇ.'

ಟಕ್. ಟಕ್. ಟಕ್. ಹತ್ತು ನಿಮಿಷವೋ ಹದಿನೈದೋ. ಒಂದು ಕಡೆ ತಟ್ಟಿದಾಗ ಗೆರೆ ಫಕ್ಕನೆ ಹಿಗ್ಗಿ ಚಿತ್ರವಾಗಿ ಮತ್ತೆ ಮಡಚಿತು. 'ಸಿಕ್ಕಿಬಿದ್ದೆ ಕಣೋ ಕಳ್ಳ' ಎಂದಳು ಹಾಜಿರಾ. ಸ್ವಿಚ್ಚು ಆರಿಸಿ, ತಂತಿ ಕಟ್ಟಿದ ಸ್ಕ್ರೂಡ್ರೈವರಿನಿಂದ ಟ್ಯೂಬಿನಲ್ಲಿ ಉಳಿದ ಕರೆಂಟನ್ನು ತೆಗೆದಳು, ಪಟಾಕಿಯಂತೆ ಸದ್ದಾಗಿ ಕನಕರಾಜು ಹೌಹಾರಿದ. ಟಾರ್ಚು ಹಿಡಿದು ನೋಡಿದರೆ, ಬೋರ್ಡಿಗೆ ಬೆಸೆದ ಒಂದು ಬಿಡಿಭಾಗದ ಕಾಲಿನ ಸುತ್ತ ಕೂದಲಿನಷ್ಟು ತೆಳ್ಳಗೆ ಒಂದು ಉಂಗುರದ ಬಿರುಕು. ಅಲ್ಲಿಗೂ ಬ್ಲೀಚಿಂಗ್ ಇಳಿದು ಕಪ್ಪಾಗಿತ್ತು. ಬ್ಲೇಡಿನಿಂದ ಕೆರೆದು, ಹಳೆಯ ಬೆಸುಗೆ ತೆಗೆದು ಹೊಸದು ಹಾಕಿದಳು. ಆ ಬೆಸುಗೆ ಬೆಳ್ಳಿಯ ಹಾಗೆ ಹೊಳೆಯಿತು. ನಾನು ಮೂವತ್ತು ವರ್ಷದಿಂದ ಸೂಜಿ ಹಿಡಿದವಳು, ಕೈಕೆಲಸ ಅಂದರೆ ಏನೆಂದು ನನಗೆ ಗೊತ್ತು. ಅಂಥ ಕೈಕೆಲಸ ನಾನು ಇನ್ನೊಂದು ಕಂಡಿಲ್ಲ.

ಮತ್ತೆ ಹಾಕಿದೆವು. ಹತ್ತು ನಿಮಿಷ, ಇಪ್ಪತ್ತು, ಮೂವತ್ತು. ಚಿತ್ರ ಬೀಳಲಿಲ್ಲ.

'ನಮ್ಮನೆ ಟಿ.ವಿ. ಮಾಡಿಕೊಟ್ಟಿದ್ದೂ ನೀವೇಯಾ ಅಮ್ಮ?' ಎಂದು ಕನಕರಾಜು ಮೆಲ್ಲಗೆ ಕೇಳಿದ. ಆಗ ಹಾಜಿರಾಗೆ ಎಚ್ಚರವಾಯಿತು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, 'ಇಲ್ಲ, ಅವ್ರೇ... ಇವತ್ತು ಒಸಿ ಮೈ ಸರಿ ಇರ್ಲಿಲ್ಲ...' ಎಂದು ತೊದಲಿದಳು. ಇಪ್ಪತ್ತು ಸಾವಿರ ವೋಲ್ಟಿಗೆ ಹೆದರದವಳ ದನಿ ನಡುಗಿತು.

ಶಟರು ಎದ್ದಿತು. ನಮಾಜು ಮುಗಿಸಿದ ಸಾಹೇಬರು, ಅವರ ಹಿಂದೆ ನಾಲ್ಕಾರು ಜನ. ಎಲ್ಲರ ಕಣ್ಣೂ ಮೊದಲು ಚಿತ್ರದ ಮೇಲೆ, ಆಮೇಲೆ ಹಾಜಿರಾಳ ಕೈಯಲ್ಲಿದ್ದ ಬೆಸುಗೆ ಕಡ್ಡಿಯ ಮೇಲೆ. 'ನೀವು ಹೇಳಿದ್ ಹಂಗೇ ಮಾಡ್ದೆ' ಎಂದು ಹಾಜಿರಾ ಗಂಡನಿಗೆ ಹೇಳಿದಳು, ಎಲ್ಲರಿಗೂ ಕೇಳುವಂತೆ, ಕಣ್ಣಲ್ಲೇ ಬೇಡಿಕೊಳ್ಳುತ್ತಾ. ಸಾಹೇಬರು 'ಹೂಂ' ಎಂದಿದ್ದರೆ ಸಾಕಿತ್ತು. ಎಲ್ಲರೂ ನಂಬುತ್ತಿದ್ದರು.

ಸಾಹೇಬರು ಜೇಬಿನಿಂದ ಬಲಗೈ ತೆಗೆದು ಮುಂದೆ ಚಾಚಿದರು. ಗಾಳಿಗೆ ಸಿಕ್ಕ ಎಲೆಯ ಹಾಗೆ ಅದುರುತ್ತಿದ್ದ ಆ ಕೈಯನ್ನು ಕನಕರಾಜುವಿನ ಅಂಗೈಯಲ್ಲಿಟ್ಟರು.

'ನೋಡಪ್ಪ. ಈ ಕೈ ಐದು ವರ್ಷದಿಂದ ಒಂದು ಸ್ಕ್ರೂ ತಿರುಗ್ಸಿಲ್ಲ. ನಿಮ್ಮನೆ ಟಿ.ವಿ., ಮಸೀದಿ ಮೈಕು, ಭಜನೆ ಮೈಕು, ಎಲ್ಲಾ ಇವಳದ್ದೇ. ನಾನು ಬರೀ ಹೊಗಳಿಕೆ ತಗೊಂಡು ಕೂತಿದ್ದೆ.'

ಹಾಜಿರಾಗೆ ಅಳು ಬಂತು, ಕೋಪವೂ ಬಂತು. 'ಯಾಕ್ ಹೇಳಿದ್ರಿ? ಯಾರ್ ಕೇಳಿದ್ರು ನಿಮ್ಮನ್ನ?' ಎಂದು ಗಂಡನ ಮೇಲೆ ರೇಗಿದಳು.

'ಕೈ ನಡುಗಿಸಿದ್ದು ಆ ಖುದಾ. ಅದಕ್ಯಾಕೆ ನಂಗೆ ನಾಚ್ಕೆ? ನಿನ್ ಕೆಲಸಾನ ನಂದು ಅಂದ್ಕೊಂಡಿದ್ದು ನಾನು. ನಾಚ್ಕೆ ಪಡ್ಬೇಕಾದ್ದು ಅದಕ್ಕೆ' ಎಂದರು ಸಾಹೇಬರು.

ಯಾರೂ ನಗಲಿಲ್ಲ. ಕನಕರಾಜು ಆ ಕೈಯನ್ನು ಬಿಡದೆ ಹಿಡಿದುಕೊಂಡೇ ಇದ್ದ. ನಾನಂತೂ ಅವಳ ಬಳೆಗಳನ್ನು ಮಡಿಲಲ್ಲಿಟ್ಟುಕೊಂಡು ಗೊಳೋ ಎಂದು ಅತ್ತೆ, ಅದರಲ್ಲಿ ಮುಚ್ಚಿಡುವಂಥದ್ದೇನಿದೆ?

ಹಾಜಿರಾ ಸೆರಗಿನಿಂದ ಮುಖ ಒರೆಸಿಕೊಂಡು ಪೆಟ್ಟಿಗೆಯ ಕಡೆ ತಿರುಗಿದಳು. ಚಿತ್ರ ನಿಂತಿತ್ತು, ಆದರೆ ಬಿಳಿ ಅಕ್ಷರಗಳ ಪಕ್ಕ ಕೆಂಪು ಬಣ್ಣ ನೂಲಿನಷ್ಟು ಆಚೆ ಸರಿದಿತ್ತು. ಕೈಲಾಂಚದಿಂದ ಬರುವಾಗ ಆಟೋ ಕುಲುಕಿದ್ದಕ್ಕೆ ಬಣ್ಣ ಕೂಡಿಸಲೆಂದು ಟ್ಯೂಬಿನ ಕತ್ತಿಗೆ ಹಾಕಿದ್ದ ಉಂಗುರಗಳು ಕದಲಿದ್ದವು. ಕನಕರಾಜು ಕನ್ನಡಿ ಎತ್ತಿಕೊಳ್ಳಲು ಹೋದ.

'ಕನ್ನಡಿ ಬ್ಯಾಡ. ಅದರಲ್ಲಿ ಎಡಬಲ ಅದಲು ಬದಲು ಕಾಣುತ್ತೆ' ಎಂದು ಹಾಜಿರಾ ತಡೆದಳು. ಆಮೇಲೆ ಗಂಡನಿಗೆ, ಇನ್ನೂ ಆರದ ಕೋಪದಲ್ಲೇ, 'ಕೈ ನಡುಗಿದ್ರೇನು, ಕಣ್ಣು ನಡುಗಲ್ಲ ಅಲ್ವಾ? ಮುಂದೆ ಬಂದು ನಿಂತ್ಕೊಂಡು ಹೇಳಿ' ಎಂದಳು.

ಅವಳು ಹಿಂದೆ ನಿಂತು ಒಂದು ಕೈ ಬೆನ್ನಿಗಿಟ್ಟು ಉಂಗುರ ತಿರುಗಿಸತೊಡಗಿದಳು. ಸಾಹೇಬರು ಗಾಜಿನ ಮುಂದೆ ಬಗ್ಗಿದರು. ಬಲಗೈ ಜೇಬಿನ ಹೊರಗೇ, ಅದುರುತ್ತಾ. ಕಣ್ಣು ಮಾತ್ರ ಕದಲಲಿಲ್ಲ.

'ಒಸಿ ಎಡಕ್ಕೆ. ಇನ್ನೊಸಿ. ಜಾಸ್ತಿ ಆಯ್ತು, ಕೂದಲೆಳೆ ವಾಪಸ್ಸು.'

ನಮ್ಮ ಬೀದಿಯ ಗಂಡಸರು ನಾಲ್ಕು ಜನರ ಮುಂದೆ ಹೆಂಡತಿಯ ಹೆಸರು ಎತ್ತುವುದಿಲ್ಲ. ಕೆಂಪು ಸರಿದು ಬಿಳಿಯೊಳಗೆ ಸೇರಿ ಅಕ್ಷರ ಶುಭ್ರವಾದಾಗ ಸಾಹೇಬರು ಬೀದಿಗೆಲ್ಲ ಕೇಳುವಂತೆ ಕೂಗಿದರು.

'ಸಾಕು ಹಾಜಿರಾ. ಬಂತು.'